ಮೂಕವಾದ ಮುದ್ರಣಯಂತ್ರ

ಸಾಯಗಾಂವದ ನಮ್ಮ ಮನೆಯಲ್ಲೊಂದು ಮುದ್ರಣಯಂತ್ರವಿದೆ. ಕೆಟ್ಟಿಲ್ಲ, ಆದರೂ ಹೊಸ ಗಣಕ ಬಂದಂದಿನಿಂದ ಮೂಕವಾಗಿದೆ. ಅದರ ಡ್ರೈವರು ಹಳೆಯ ಗಣಕಕ್ಕಷ್ಟೇ ಒಗ್ಗುವಂತೆ ಬರೆದದ್ದೆಂದು ಮಗ ಹೇಳಿದ. ಕನ್ನಡ ಎಂ.ಎ. ಓದಿದ ನನಗೆ ಡ್ರೈವರನೆಂದರೆ ಭಾಲ್ಕಿ ಬಸ್ಸಿನವನೇ! ಇಲ್ಲಿ ಅದು ಗಣಕದ ಮಾತನ್ನು ಸಾಧನಕ್ಕೆ ತಿಳಿಸುವ ದುಭಾಷಿ.

ಕೇಳುಗರೇ, ತೊಡಕು ಇಷ್ಟೇ. ಬೀದರಿನ ನಾಮಫಲಕಗಳಲ್ಲಿ ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆಯಲ್ಲವೆ? ಅಂತೆಯೇ ಕೆಲವು ಸಂಸ್ಕಾರಕಗಳು ಸಂಖ್ಯೆಯ ಹಿರಿಯ ಬೈಟನ್ನು ಮೊದಲಿರಿಸಿದರೆ, ಇಂಟೆಲ್ ವಂಶದವು ಕಿರಿಯದನ್ನು ಮೊದಲಿರಿಸುತ್ತವೆ. ಸಾಧನದ ವಿಳಾಸವನ್ನು ಮುಟ್ಟುವ ಬಗೆಯೂ ಯಂತ್ರದಿಂದ ಯಂತ್ರಕ್ಕೆ ಬೇರೆ. ಇದನ್ನೆಲ್ಲ ಡ್ರೈವರಿನೊಳಗೇ ಹೊಲಿದುಬಿಟ್ಟರೆ ಅದು ಪರಸ್ಥಳದಲ್ಲಿ ಬಾಳಲಾರದು. ಆದ್ದರಿಂದ ಬಲ್ಲವರು ಅದನ್ನು ಎರಡು ಪದರವಾಗಿ ಬರೆಯುತ್ತಾರೆ: ಸಾಧನದ ಗುಣವನ್ನರಿತ ಭಾಗವೊಂದು, ಯಂತ್ರದ ರೀತಿಯನ್ನರಿತ ಭಾಗ ಇನ್ನೊಂದು. ಯಂತ್ರ ಬದಲಾದಾಗ ಎರಡನೆಯದನ್ನು ಬದಲಿಸಿದರೆ ಸಾಕು. ಮೊದಲನೆಯದನ್ನು ಬಹುಮಟ್ಟಿಗೆ ಮುಟ್ಟಬೇಕಿಲ್ಲ.

1991ರಲ್ಲಿ ಇಂಟೆಲ್ 386ಕ್ಕೆಂದು ಹುಟ್ಟಿದ ಲಿನಕ್ಸ್ ಹಲವು ಬಗೆಯ ಯಂತ್ರಗಳಿಗೆ ಹಬ್ಬಿದ್ದು ಈ ಹಾದಿಯಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯವರೊಡನೆ ರೂಪಿಸಿದ ಅಂಗೈಯಗಲದ ಸಿಂಪ್ಯೂಟರಿನಲ್ಲಿಯೂ ಲಿನಕ್ಸೇ ಇತ್ತು; ಸಂಸ್ಕಾರಕ ಮಾತ್ರ ಸ್ಟ್ರಾಂಗ್‌ಆರ್ಮ್.

ಮಗ ಈಗ ನಮ್ಮ ಯಂತ್ರಕ್ಕೊಂದು ಲಿನಕ್ಸ್ ಡ್ರೈವರನ್ನು ಹುಡುಕುತ್ತಿದ್ದಾನೆ. ಗುಜರಿಯವನು ಬಂದರೆ ಬರಿಗೈಯಲ್ಲಿ ಕಳುಹಿಸಿರೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ.