ಐವನ್‌ಹೋ: ಒಂದು ಕಾದಂಬರಿ ನಡೆದು ಬಂದ ದಾರಿ

ವಾಲ್ಟರ್ ಸ್ಕಾಟ್ 1819ರಲ್ಲಿ ‘ಐವನ್‌ಹೋ’ ಕಾದಂಬರಿಗೆ ಕೈಹಾಕಿದಾಗ ಪಿತ್ತಕೋಶದ ಕಲ್ಲಿನ ನೋವಿನಿಂದ ನರಳುತ್ತಿದ್ದ. ಹೀಗಾಗಿ ಅದರ ಸಾಕಷ್ಟು ಭಾಗವನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದ. ಅಲ್ಲಿಯವರೆಗೆ ಸ್ಕಾಟ್ಲೆಂಡಿನ ಕಥೆಗಳನ್ನೇ ಹೇಳುತ್ತಿದ್ದವನು ಇಂಗ್ಲೆಂಡಿನ ಮಧ್ಯಯುಗಕ್ಕೆ ಹೊರಳಿದ್ದು ಇದೇ ಮೊದಲು. ಅದೇ ಡಿಸೆಂಬರ್‌ನಲ್ಲಿ ಮೂರು ಸಂಪುಟಗಳು ಹೊರಬಂದವು. ಮುಖಪುಟದಲ್ಲಿ ಅವನ ಹೆಸರಿರಲಿಲ್ಲ. ಕಾದಂಬರಿಗಳೆಲ್ಲ ತನ್ನವೇ ಎಂದು ಅವನು ಬಹಿರಂಗವಾಗಿ ಒಪ್ಪಿದ್ದು 1827ರಲ್ಲಿ.

ಕಥೆ ನಡೆಯುವುದು 1194ರಲ್ಲಿ. ಧರ್ಮಯುದ್ಧಕ್ಕೆ ಹೋಗಿ ಸೆರೆಸಿಕ್ಕಿದ್ದ ದೊರೆ ರಿಚರ್ಡ್ ಗುಟ್ಟಾಗಿ ನಾಡಿಗೆ ಮರಳುತ್ತಾನೆ. ತಂದೆ ಮನೆಯಿಂದ ಹೊರಹಾಕಿದ ಐವನ್‌ಹೋ ಮುಖ ಮರೆಸಿಕೊಂಡು ಆಶ್ಬಿಯ ಕಾಳಗದ ಕಣಕ್ಕಿಳಿಯುತ್ತಾನೆ. ಕೋಟೆಗೆ ಮುತ್ತಿಗೆ, ಬೆಂಕಿ, ಬಿಲ್ಲುಗಾರ ರಾಬಿನ್ ಹುಡ್, ಯಾವುದಕ್ಕೂ ಕೊರತೆಯಿಲ್ಲ.

ಇಷ್ಟೆಲ್ಲ ಅಬ್ಬರಕ್ಕಿಂತ ಮನಸ್ಸಿನಲ್ಲಿ ಉಳಿಯುವುದು ಆರಂಭದ ಒಂದು ಪುಟ್ಟ ದೃಶ್ಯ. ಹಂದಿ ಕಾಯುವ ಗರ್ತ್‌ನ ಕೊರಳಿಗೆ ಹಿತ್ತಾಳೆಯ ಪಟ್ಟಿ ಬೆಸೆದಿದೆ. ಅರದಿಂದ ಉಜ್ಜದೆ ಅದು ಬಿಚ್ಚುವಂತಿಲ್ಲ. ಜೊತೆಗಿರುವ ವಿದೂಷಕ ವಾಂಬಾ ಅವನಿಗೊಂದು ಮಾತು ಹೇಳುತ್ತಾನೆ: ಹಂದಿ ಆಳಿನ ಕೈಯಲ್ಲಿ ಮೇಯುವಾಗ ಸ್ಯಾಕ್ಸನ್ ಹೆಸರಿನ ‘ಸ್ವೈನ್’, ಕೊಯ್ದು ಒಡೆಯನ ಊಟಕ್ಕೆ ಬಡಿಸಿದೊಡನೆ ನಾರ್ಮನ್ ಹೆಸರಿನ ‘ಪೋರ್ಕ್’. ಗೆದ್ದವರು, ಸೋತವರು ಯಾರೆಂಬುದನ್ನು ಎರಡು ಪದಗಳಲ್ಲಿ ತೋರಿಸಿದ ಜಾಣ್ಮೆ ಇದು.

ಸ್ಯಾಕ್ಸನ್ನರಿಗೂ ನಾರ್ಮನ್ನರಿಗೂ ಇನ್ನೂ ಹಗೆಯಿತ್ತೆಂಬ ಈ ಚಿತ್ರವನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ. ರಿಚರ್ಡನ ಕಾಲಕ್ಕೆ ಆ ಹಗೆ ಬಹಳಮಟ್ಟಿಗೆ ಆರಿತ್ತು. ಆದರೂ ಆ ಕಾಲವೆಂದರೆ ಓದುಗರ ಕಣ್ಣಿಗೆ ಕಟ್ಟುವುದು ಸ್ಕಾಟ್ ಬಿಡಿಸಿದ ಚಿತ್ರವೇ.

ಓದುಗರ ತಕರಾರು ಬೇರೆಯೇ ಇತ್ತು. ಗಾಯಗೊಂಡ ಐವನ್‌ಹೋನ ಆರೈಕೆ ಮಾಡಿದವಳು ಯಹೂದಿ ಯುವತಿ ರೆಬೆಕಾ. ಆದರೆ ಅವನು ಮದುವೆಯಾದದ್ದು ಸಪ್ಪೆ ಸ್ವಭಾವದ ರೊವೀನಾಳನ್ನು. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ 1850ರಲ್ಲಿ ಒಂದು ತಮಾಷೆಯ ಮುಂದುವರಿಕೆ ಬರೆದು ರೆಬೆಕಾಗೂ ನಾಯಕನಿಗೂ ಗಂಟು ಹಾಕಿಸಿದ.

ರೆಬೆಕಾಳ ನೆರಳು ಭಾರತದಲ್ಲೂ ಕಂಡಿತು. ಬಂಕಿಮಚಂದ್ರರ ಬಂಗಾಳಿ ಕಾದಂಬರಿ ‘ದುರ್ಗೇಶನಂದಿನಿ’ 1865ರಲ್ಲಿ ಬಂದಾಗ, ಗಾಯಾಳು ಜಗತ್‌ಸಿಂಹನ ಶುಶ್ರೂಷೆ ಮಾಡಿ ಅವನನ್ನು ಪಡೆಯದೆ ಉಳಿಯುವ ಆಯೇಷಾಳಲ್ಲಿ ಹಲವರು ರೆಬೆಕಾಳನ್ನೇ ಕಂಡರು. ಅದನ್ನು ಬರೆಯುವ ಮೊದಲು ‘ಐವನ್‌ಹೋ’ ಓದಿರಲೇ ಇಲ್ಲವೆಂದು ಬಂಕಿಮರು ಹೇಳಿದರು. ಆ ಆಯೇಷಾಳನ್ನು ಕನ್ನಡಕ್ಕೆ ಕರೆತಂದವರು ಬಿ. ವೆಂಕಟಾಚಾರ್ಯರು.