ಅರ್ಧ ಬರೆದ ಲೆಕ್ಕ
(ಸಂಘದ ರಾತ್ರಿ ತರಗತಿಯಲ್ಲಿ ಕಂಪ್ಯೂಟರ್ ಕಲಿಯುವ ಹುಡುಗರ ಮುಂದೆ ಆಡಿದ ಮಾತುಗಳು)



ಕಂಪ್ಯೂಟರಿನ ವಿಷಯ ಹೇಳಲು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವರನ್ನು ಏಕೆ ನಿಲ್ಲಿಸಿದ್ದಾರೆಂದು ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ತಟ್ಟೆ ತೊಳೆದು, ಮೇಜು ಒರೆಸಿ, ಸಪ್ಲಾಯರ್ ಆಗಿ, ಕೊನೆಗೆ ಗಲ್ಲೆಯ ಬದಿಯಲ್ಲಿ ಕುಳಿತು ಲೆಕ್ಕ ಬರೆದವರು ನಾವು. ಈ ಹೊತ್ತಿನ ವಿಷಯವೂ ಲೆಕ್ಕದ್ದೇ. ಯಂತ್ರವಷ್ಟೇ ಹೊಸದು. ಈ ತರಗತಿಯಲ್ಲಿ ನಾವೂ ಎರಡು ಚಳಿಗಾಲ ಕುಳಿತಿದ್ದೇವೆ. ಕಲಿತದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಮೊದಲು ಒಂದು ದೂರನ್ನು ಕೇಳಿರಿ. ಒಂದು ಹೋಟೆಲಿನ ಕೆಲಸಗಾರ ಮಗಳ ಶಾಲೆಗೆಂದು 3,000 ರೂಪಾಯಿ ಮುಂಗಡ ತೆಗೆದುಕೊಂಡಿದ್ದ. ತಿಂಗಳ ಕೊನೆಗೆ 15,000 ಪಗಾರದಲ್ಲಿ 3,000 ಮುರಿದು 12,000 ಕೊಟ್ಟರು. ನ್ಯಾಯವೇ. ಮರು ತಿಂಗಳು ಮತ್ತೆ 3,000 ಮುರಿದರು. ಕೇಳಿದರೆ ಮ್ಯಾನೇಜರು ಪರದೆಯನ್ನು ತಿರುಗಿಸಿ, “ನೋಡಪ್ಪ, ಮುಂಗಡ ಬಾಕಿ ಇದೆ ಎಂದು ಕಂಪ್ಯೂಟರೇ ಹೇಳುತ್ತದೆ” ಎಂದ. ಆ ಮ್ಯಾನೇಜರು ಸುಳ್ಳುಗಾರನಲ್ಲ. ಪರದೆಯ ಮೇಲೆ ಬಾಕಿ ಇದ್ದದ್ದು ನಿಜ. ಆದದ್ದೇನೆಂದರೆ, ಪಗಾರದ ಪುಟದಲ್ಲಿ “3,000 ಮುರಿಯಲಾಗಿದೆ” ಎಂದು ಬರೆದ ಕಂಪ್ಯೂಟರು, ಮುಂಗಡದ ಪುಟದಲ್ಲಿ “3,000 ಬಂತು” ಎಂದು ಬರೆಯುವ ಮೊದಲೇ ನಿಂತುಹೋಗಿತ್ತು. ಕರೆಂಟು ಹೋಯಿತೋ, ಕಾರ್ಯಕ್ರಮ ಮುಗ್ಗರಿಸಿತೋ, ಅಂತೂ ಒಂದು ಪುಟದಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಅರ್ಧ ಬರೆದ ಲೆಕ್ಕ ಕೆಲಸಗಾರನ ಕುತ್ತಿಗೆಗೆ ಬಂತು.

ಇಂಥದಾಗದಂತೆ ಮಾಡುವ ಕಟ್ಟುಪಾಡಿಗೆ ಟ್ರಾನ್ಸಾಕ್ಷನ್ ಎಂದು ಹೆಸರು. ಡೇಟಾಬೇಸ್ ಎಂದರೆ ವಹಿಗಳ ಕಪಾಟು. ಆ ಕಪಾಟಿಗೆ ನಾವು ಮೊದಲೇ ಹೇಳಿಡುತ್ತೇವೆ: ಇಲ್ಲಿಂದ ಇಲ್ಲಿಯವರೆಗಿನ ಬರವಣಿಗೆಯೆಲ್ಲ ಒಂದೇ ಗಂಟು, ಆದರೆ ಎಲ್ಲವೂ ಆಗಬೇಕು, ಇಲ್ಲವಾದರೆ ಒಂದೂ ಆಗಕೂಡದು. ಎಲ್ಲ ಸರಿಯಾಗಿ ಮುಗಿದಾಗ ಮುದ್ರೆ ಒತ್ತುವುದಕ್ಕೆ ಕಮಿಟ್ ಎನ್ನುತ್ತಾರೆ. ನಡುವೆ ಕೆಟ್ಟರೆ ಬರೆದಷ್ಟನ್ನೂ ಅಳಿಸಿ ಮೊದಲಿನ ಸ್ಥಿತಿಗೆ ತರುವುದಕ್ಕೆ ರೋಲ್‌ಬ್ಯಾಕ್ ಎನ್ನುತ್ತಾರೆ. ಕರೆಂಟು ಹೋದರೆ ಅಳಿಸುವವರಾರು ಎಂದು ಕೇಳುವಿರಿ. ನಮ್ಮ ಹಳೆಯ ಗುಮಾಸ್ತರು ಕಚ್ಚಾ ವಹಿಯಲ್ಲಿ ಬರೆಯದೆ ಪಕ್ಕಾ ವಹಿಯನ್ನು ಮುಟ್ಟುತ್ತಿರಲಿಲ್ಲ. ಡೇಟಾಬೇಸೂ ಹಾಗೆಯೇ. ಮಾಡಲಿರುವುದನ್ನು ಮೊದಲು ಲಾಗ್ ಎಂಬ ಕಚ್ಚಾ ವಹಿಯಲ್ಲಿ ಬರೆದು ಡಿಸ್ಕಿಗೆ ಇಳಿಸುತ್ತದೆ, ಆಮೇಲೆ ಪುಟಗಳನ್ನು ಮುಟ್ಟುತ್ತದೆ. ಕರೆಂಟು ಮರಳಿದಾಗ ಲಾಗನ್ನು ಓದಿ, ಮುದ್ರೆ ಬಿದ್ದ ಗಂಟನ್ನು ಪೂರ್ತಿ ಮಾಡುತ್ತದೆ, ಮುದ್ರೆ ಬೀಳದ್ದನ್ನು ಹಿಂದೆಗೆಯುತ್ತದೆ.

ಈ ವಿಚಾರವನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಮುಖ್ಯನು ಅಮೆರಿಕದ ಜಿಮ್ ಗ್ರೇ. 1970ರ ದಶಕದಲ್ಲಿ ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಶಾಲೆಯಲ್ಲಿ ಸಿಸ್ಟಮ್ ಆರ್ ಎಂಬ ಡೇಟಾಬೇಸಿನ ಮೇಲೆ ದುಡಿದು, 1981ರಲ್ಲಿ ಟ್ರಾನ್ಸಾಕ್ಷನ್ನಿನ ಗುಣವನ್ನೂ ಮಿತಿಯನ್ನೂ ಕುರಿತು ಪ್ರಬಂಧ ಬರೆದನು. 1998ರ ಟ್ಯೂರಿಂಗ್ ಪಾರಿತೋಷಕ ಅವನಿಗೆ ಸಂದಿತು. 2007ರ ಜನವರಿ 28ರಂದು ತಾಯಿಯ ಅಸ್ಥಿಯನ್ನು ಕಡಲಿಗೆ ಬಿಡಲು ಒಬ್ಬನೇ ದೋಣಿಯಲ್ಲಿ ಹೊರಟವನು ಮರಳಲಿಲ್ಲ. ಎಷ್ಟು ಹುಡುಕಿದರೂ ದೋಣಿಯೂ ಸಿಗಲಿಲ್ಲ. ಕೋಟಿಗಟ್ಟಲೆ ಜನರ ಲೆಕ್ಕ ನಡುವೆ ನಿಲ್ಲದಂತೆ ಮಾಡಿದವನ ಕಥೆ ಹೀಗೆ ನಡುವೆಯೇ ನಿಂತಿತೆಂಬುದು ನಮಗೆ ಆಗಾಗ ನೆನಪಾಗುತ್ತದೆ.

1983ರಲ್ಲಿ ಹೇರ್ಡರ್ ಮತ್ತು ರಾಯ್ಟರ್ ಎಂಬಿಬ್ಬರು ಟ್ರಾನ್ಸಾಕ್ಷನ್ನಿನ ನಾಲ್ಕು ಲಕ್ಷಣಗಳ ಮೊದಲಕ್ಷರ ಸೇರಿಸಿ ಆಸಿಡ್ ಎಂದು ಹೆಸರಿಟ್ಟರು. ಪೂರ್ತಿ ಅಥವಾ ಶೂನ್ಯ ಎಂಬುದನ್ನು ಹೇಳಿದೆವು. ನಿಯಮ ಮೀರಕೂಡದು, ಮುದ್ರೆ ಬಿದ್ದದ್ದು ಅಳಿಯಕೂಡದು ಎಂಬ ಎರಡು ನಿಮಗೆ ತಾವಾಗಿಯೇ ತಿಳಿದಾವು. ಉಳಿದದ್ದು ಒಬ್ಬರ ಕೆಲಸ ಇನ್ನೊಬ್ಬರ ಕೆಲಸದೊಳಗೆ ನುಗ್ಗಬಾರದು ಎಂಬುದು. ಒಳಗೆ ಒಂದೇ ಪ್ಲೇಟು ಇಡ್ಲಿ ಇದೆ. ಇಬ್ಬರು ಸಪ್ಲಾಯರುಗಳು ಒಟ್ಟಿಗೇ ಇಣುಕಿ, ಇದೆ ಎಂದು ಎರಡು ಮೇಜಿಗೂ ಮಾತು ಕೊಟ್ಟರೆ ಗಿರಾಕಿಯ ಬೈಗುಳ ಯಾರಿಗೆ? ಇಣುಕುವುದರ ಮೇಲೆ ಎಷ್ಟು ಕಟ್ಟುನಿಟ್ಟು ಇರಬೇಕೆಂಬುದರಲ್ಲಿ ಹಲವು ಮೆಟ್ಟಿಲುಗಳಿವೆ. ಮುದ್ರೆ ಬಿದ್ದದ್ದನ್ನು ಮಾತ್ರ ನೋಡಬಹುದು ಎಂಬುದು ಪೋಸ್ಟ್‌ಗ್ರೆಸ್ ಮತ್ತು ಒರ್ಯಾಕಲ್ ಡೇಟಾಬೇಸುಗಳ ಸಾಧಾರಣ ಪದ್ಧತಿ. ಮೈಎಸ್‌ಕ್ಯೂಎಲ್‌ನ ಸಾಧಾರಣ ಪದ್ಧತಿ ಇನ್ನೊಂದು ಮೆಟ್ಟಿಲು ಬಿಗಿ. ಯಾವುದನ್ನೂ ಕೇಳದೆ ಕೆಲಸ ಆರಂಭಿಸಬೇಡಿರಿ.

ಇನ್ನು ನಮ್ಮ ಹುಡುಗರು ಕಲಿಯುತ್ತಿರುವ ಜಾವಾ ಭಾಷೆ, ಅದರ ಸ್ಪ್ರಿಂಗ್ ಎಂಬ ಚೌಕಟ್ಟು. ಇದರ ಬೇರು ದೂರದ ನಾರ್ವೆ ದೇಶದ್ದು. ಒಸ್ಲೋ ನಗರದಲ್ಲಿ ಊಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಎಂಬವರು 1967ರಲ್ಲಿ ಸಿಮುಲಾ ಎಂಬ ಭಾಷೆಯಲ್ಲಿ ಆಬ್ಜೆಕ್ಟ್ ಎಂಬ ಕಲ್ಪನೆಯನ್ನು ತಂದರು. ಆಬ್ಜೆಕ್ಟ್ ಎಂದರೆ ತನ್ನ ವಸ್ತುವನ್ನೂ ತನ್ನ ಕೆಲಸವನ್ನೂ ತನ್ನಲ್ಲೇ ಇಟ್ಟುಕೊಂಡ ಒಬ್ಬ ಕೆಲಸಗಾರನಂತೆ. ಗಲ್ಲೆಯ ಹಣ ಬೇಕಾದರೆ ಗಲ್ಲೆಯವನನ್ನು ಕೇಳಬೇಕು. ಹೋಗಿ ಪೆಟ್ಟಿಗೆಗೆ ಕೈ ಹಾಕುವಂತಿಲ್ಲ. ಈ ನ್ಯೂಗೋರ್ ಯಾರೆಂದು ತಿಳಿದರೆ ನಿಮಗೆ ಸಂತೋಷವಾದೀತು. 1970ರ ದಶಕದ ಆರಂಭದಲ್ಲಿ ಅವನು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಂದಿಗೆ ಕೂಡಿ, ಕಾರ್ಖಾನೆಗೆ ಬರುವ ಕಂಪ್ಯೂಟರು ಕೆಲಸಗಾರನಿಗೆ ಏನು ಮಾಡೀತೆಂದು ಕೆಲಸಗಾರರೇ ಅಭ್ಯಾಸ ಮಾಡುವಂತೆ ಮಾಡಿದನು. 1975ರಲ್ಲಿ ಆ ದೇಶದ ಕಾರ್ಮಿಕ ಮಹಾಸಂಘವೂ ಮಾಲಿಕರ ಸಂಘವೂ ಒಪ್ಪಂದ ಮಾಡಿಕೊಂಡವು: ಕಂಪ್ಯೂಟರು ತರುವ ಮೊದಲು ಕೆಲಸಗಾರರ ಪ್ರತಿನಿಧಿಗಳಿಗೆ ಅರ್ಥವಾಗುವ ಮಾತಿನಲ್ಲಿ ವಿವರ ಕೊಡಬೇಕು. “ಕಂಪ್ಯೂಟರೇ ಹೇಳುತ್ತದೆ” ಎಂಬ ಉತ್ತರಕ್ಕೆ ಅಲ್ಲಿ ಐವತ್ತು ವರ್ಷದ ಹಿಂದೆಯೇ ಎದುರು ಮಾತು ಸಿಕ್ಕಿತ್ತು.

ಚೌಕಟ್ಟು ಎಂದರೇನು? ನಡೆಯುತ್ತಿರುವ ಹೋಟೆಲಿಗೆ ಹೊಸ ಭಟ್ಟರು ಬಂದಂತೆ. ಒಲೆ, ಪಾತ್ರೆ, ಚೀಟಿ, ಗಲ್ಲೆ ಎಲ್ಲ ಮೊದಲೇ ಇವೆ; ಭಟ್ಟರು ಅಡಿಗೆಯನ್ನಷ್ಟೇ ಮಾಡಬೇಕು. ಯಾವಾಗ ಮಾಡಬೇಕೆಂದು ಹೋಟೆಲೇ ಕರೆದು ಹೇಳುತ್ತದೆ. ರಾಡ್ ಜಾನ್ಸನ್ ಎಂಬವನು 2002ರಲ್ಲಿ ಒಂದು ಪುಸ್ತಕ ಬರೆದನು. ಅದರೊಡನಿದ್ದ ಕಾರ್ಯಕ್ರಮದಿಂದ ಸ್ಪ್ರಿಂಗ್ ಬೆಳೆದು, 2004ರ ಮಾರ್ಚಿನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂತು. ಇಂಥ ನೆರವಿಲ್ಲದ ಕಡೆ ಪ್ರತಿ ಕೆಲಸದಲ್ಲೂ ಗಂಟು ಕಟ್ಟು, ಬರೆ, ಮುದ್ರೆ ಒತ್ತು, ಕೆಟ್ಟರೆ ಅಳಿಸು ಎಂದು ಕೈಯಿಂದಲೇ ಬರೆಯಬೇಕಾಗುತ್ತಿತ್ತು. ಹತ್ತು ಕಡೆ ಬರೆದವನು ಹನ್ನೊಂದನೆಯ ಕಡೆ ಮರೆಯುತ್ತಿದ್ದ. ಸ್ಪ್ರಿಂಗಿನಲ್ಲಿ ಕೆಲಸದ ತಲೆಯ ಮೇಲೆ “ಟ್ರಾನ್ಸಾಕ್ಷನಲ್” ಎಂಬ ಒಂದು ಚೀಟಿ ಅಂಟಿಸಿದರೆ ಸಾಕು, ಮಿಕ್ಕದ್ದನ್ನು ಚೌಕಟ್ಟು ನೋಡಿಕೊಳ್ಳುತ್ತದೆ.

ಹೇಗೆ ನೋಡಿಕೊಳ್ಳುತ್ತದೆ ಎಂಬಲ್ಲೇ ಇದೆ ಗುಟ್ಟು. ಇದನ್ನು ನಿಧಾನವಾಗಿ ಕೇಳಿರಿ. ಅಡಿಗೆಮನೆಯ ಕಿಟಕಿಯ ಬಳಿ ಚೌಕಟ್ಟು ಒಬ್ಬ ಗುಮಾಸ್ತನನ್ನು ನಿಲ್ಲಿಸುತ್ತದೆ. ಪ್ರಾಕ್ಸಿ ಎಂದು ಅವನ ಹೆಸರು. ಹೊರಗಿನಿಂದ ಬರುವ ಆರ್ಡರು ಅವನ ಕೈಯಿಂದಲೇ ಹೋಗಬೇಕು. ಚೀಟಿ ಇದ್ದ ಆರ್ಡರಾದರೆ ಅವನು ಗಂಟು ತೆರೆಯುತ್ತಾನೆ, ಭಟ್ಟರಿಗೆ ಕೂಗುತ್ತಾನೆ, ಸರಿಯಾಗಿ ಬಂದರೆ ಮುದ್ರೆ ಒತ್ತುತ್ತಾನೆ. ಆದರೆ ಭಟ್ಟರು ಒಳಗಿದ್ದುಕೊಂಡೇ ತಮ್ಮ ಇನ್ನೊಂದು ಕೆಲಸವನ್ನು ತಾವೇ ಮಾಡಿಕೊಂಡರೆ ಗುಮಾಸ್ತನಿಗೆ ಅದು ಕಾಣುವುದಿಲ್ಲ. ಕಾಣದಿದ್ದರೆ ಗಂಟಿಲ್ಲ, ಮುದ್ರೆಯಿಲ್ಲ, ಅಳಿಸುವುದೂ ಇಲ್ಲ.

ಪಗಾರದ ಕಾರ್ಯಕ್ರಮದಲ್ಲಿ ಇದು ಹೀಗೆ ಕಚ್ಚುತ್ತದೆ. ಮೂವತ್ತು ಜನರ ಪಗಾರ ಬರೆಯಬೇಕು. ಒಬ್ಬನ ಲೆಕ್ಕ ಕೆಟ್ಟರೆ ಇಪ್ಪತ್ತೊಂಬತ್ತು ಜನ ಉಪವಾಸ ಬೀಳಬಾರದು. ಆದುದರಿಂದ ಒಬ್ಬೊಬ್ಬನದೂ ಬೇರೆ ಗಂಟಾಗಲಿ ಎಂದು ಹುಡುಗ ಸರಿಯಾಗಿಯೇ ಯೋಚಿಸುತ್ತಾನೆ. “ಒಬ್ಬನ ಪಗಾರ” ಎಂಬ ಕೆಲಸಕ್ಕೆ ಚೀಟಿ ಅಂಟಿಸುತ್ತಾನೆ. ಅದೇ ಆಬ್ಜೆಕ್ಟಿನಲ್ಲಿ ಚೀಟಿಯಿಲ್ಲದ “ಎಲ್ಲರ ಪಗಾರ” ಎಂಬ ಕೆಲಸ ಬರೆದು, ಅಲ್ಲಿಂದ ಮೂವತ್ತು ಸಲ ಒಳಗಿಂದೊಳಗೇ ಕರೆಯುತ್ತಾನೆ. ಚೀಟಿ ಕಣ್ಣಿಗೆ ಕಾಣುತ್ತದೆ, ಕಾರ್ಯಕ್ರಮ ಓಡುತ್ತದೆ, ಯಾರೂ ತಪ್ಪು ತೋರಿಸುವುದಿಲ್ಲ. ಆದರೆ ಗಂಟು ಒಂದೂ ಕಟ್ಟಿಲ್ಲ. ಒಂದೊಂದು ಸಾಲೂ ಬರೆದಂತೆಯೇ ತನ್ನಷ್ಟಕ್ಕೆ ಪಕ್ಕಾ ಆಗುತ್ತದೆ. ನಡುವೆ ನಿಂತರೆ ಮುಂಗಡ ಎರಡು ಸಲ ಮುರಿಯುತ್ತದೆ. ಪರಿಹಾರ ದೊಡ್ಡದಲ್ಲ: “ಒಬ್ಬನ ಪಗಾರ”ವನ್ನು ಬೇರೆ ಆಬ್ಜೆಕ್ಟಿಗೆ ಸಾಗಿಸಿರಿ. ಕರೆ ಕಿಟಕಿಯಿಂದ ಹೋಗುತ್ತದೆ.

ಇನ್ನೊಂದು ಬಲೆ, ಏನು ಕೆಟ್ಟರೆ ಅಳಿಸಬೇಕೆಂಬುದರಲ್ಲಿ. ಜಾವಾದಲ್ಲಿ ಅಡಚಣೆಗಳು ಎರಡು ಬಗೆ. ಹೀಗಾದೀತೆಂದು ಮೊದಲೇ ಹೇಳಿಟ್ಟದ್ದು ಒಂದು. ಹೇಳದೆ ಕೇಳದೆ ಬಂದದ್ದು ಇನ್ನೊಂದು. ಸ್ಪ್ರಿಂಗಿನ ಸಾಧಾರಣ ಪದ್ಧತಿಯಲ್ಲಿ ಹೇಳದೆ ಬಂದದ್ದಕ್ಕೆ ಮಾತ್ರ ರೋಲ್‌ಬ್ಯಾಕ್. ಹೇಳಿಟ್ಟ ಅಡಚಣೆ ಬಂದರೆ ಬರೆದಷ್ಟಕ್ಕೆ ಮುದ್ರೆ ಬೀಳುತ್ತದೆ. ಹಣದ ಕೆಲಸಕ್ಕೆ ಇದು ನಮಗೆ ಒಪ್ಪಿಗೆಯಿಲ್ಲ. ಯಾವ ಅಡಚಣೆಗೂ ಅಳಿಸು ಎಂದು “ರೋಲ್‌ಬ್ಯಾಕ್ ಫಾರ್” ಎಂಬ ಮಾತು ಸೇರಿಸಿ ಚೀಟಿಯ ಮೇಲೆ ಸ್ಪಷ್ಟವಾಗಿ ಬರೆಯಿರಿ. ಅಲ್ಲದೆ ಕೆಲವು ಹುಡುಗರಿಗೆ ಅಡಚಣೆಯನ್ನು ನಡುವೆಯೇ ಹಿಡಿದು ನುಂಗಿಬಿಡುವ ಚಾಳಿಯಿದೆ, ಪರದೆಯ ಮೇಲೆ ಕೆಂಪು ಅಕ್ಷರ ಬಾರದಿರಲೆಂದು. ಸಾರು ಸೀದದ್ದನ್ನು ಗುಮಾಸ್ತನಿಗೆ ಹೇಳದಿದ್ದರೆ ಅವನು ಬಿಲ್ಲಿಗೆ ಮುದ್ರೆ ಒತ್ತಿಯೇ ಒತ್ತುತ್ತಾನೆ.

ಚೀಟಿಯಿದ್ದ ಒಂದು ಕೆಲಸವು ಚೀಟಿಯಿದ್ದ ಇನ್ನೊಂದನ್ನು ಕಿಟಕಿಯಿಂದ ಕರೆದರೆ ಸಾಧಾರಣವಾಗಿ ಎರಡೂ ಒಂದೇ ಗಂಟಿನಲ್ಲಿ ಸೇರುತ್ತವೆ. ಬೇರೆಯೇ ಗಂಟು ಬೇಕೆಂದೂ ಹೇಳಬಹುದು. ಅದಕ್ಕೆ ಒಳ್ಳೆಯ ಉಪಯೋಗ ಒಂದುಂಟು. ಪಗಾರ ಬರೆಯುವುದು ವಿಫಲವಾಗಿ ಎಲ್ಲ ಅಳಿಸಿದರೂ, ಇಂಥ ದಿನ ಇಂಥವನ ಪಗಾರ ಬರೆಯಲು ಹೋಗಿ ಕೆಟ್ಟಿತು ಎಂಬ ದಾಖಲೆ ಉಳಿಯಬೇಕು. ಅದನ್ನು ಬೇರೆ ಗಂಟಿನಲ್ಲಿ ಬರೆಯಿರಿ. ನಾಳೆ ಸಂಘದವರು ಬಂದು ಕೇಳಿದಾಗ ಆ ಒಂದು ಸಾಲು ಬೇಕಾಗುತ್ತದೆ.

ಇಷ್ಟೂ ಒಂದೇ ಕಪಾಟಿನೊಳಗಿನ ಮಾತು. ಊರಿಗೆ ಕಳಿಸುವ ಹಣ ಎರಡು ಬ್ಯಾಂಕುಗಳ ಎರಡು ಕಪಾಟುಗಳನ್ನು ಮುಟ್ಟುತ್ತದೆ. ಎರಡು ಕಪಾಟುಗಳನ್ನು ಒಂದೇ ಗಂಟಿಗೆ ಕಟ್ಟುವ ರೀತಿಯೂ ಉಂಟು. ಗ್ರೇ ಅದನ್ನು 1978ರಲ್ಲೇ ವಿವರಿಸಿದ್ದಾನೆ. ಹಿರಿಯರಿಗೆ ಬೇಗ ತಿಳಿದೀತು, ಏಕೆಂದರೆ ಅದು ಮುಷ್ಕರ ಹೂಡುವ ಕ್ರಮ. ಮುಖಂಡ ಮೊದಲು ನೂಲುವ ಖಾತೆ, ನೇಯುವ ಖಾತೆ, ಬಣ್ಣದ ಖಾತೆ ಎಲ್ಲ ಕಡೆಗೂ ಕೇಳಿ ಕಳಿಸುತ್ತಾನೆ: ಸಿದ್ಧರೋ? ಸಿದ್ಧ ಎಂದು ಸಹಿ ಹಾಕಿದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಎಲ್ಲರ ಸಹಿ ಬಂದರೆ ಕೆಲಸ ನಿಲ್ಲಿಸಿ ಎಂದು ಹೇಳುತ್ತಾನೆ. ಒಂದೇ ಖಾತೆ ಒಲ್ಲೆನೆಂದರೂ ಎಲ್ಲರಿಗೂ ಬೇಡ ಎಂದು ಹೇಳುತ್ತಾನೆ. ತೊಡಕು ಎಲ್ಲಿ? ಸಹಿಗಳೆಲ್ಲ ಬಂದ ಮೇಲೆ, ಅಪ್ಪಣೆ ಹೊರಡುವ ಮುನ್ನ ಮುಖಂಡನನ್ನು ಪೊಲೀಸರು ಒಯ್ದರೆ, ಖಾತೆಗಳು ಮುಂದೆಯೂ ಹೋಗಲಾರವು, ಹಿಂದೆಯೂ ಬರಲಾರವು. ಸಾಂಚೆಯ ಮುಂದೆ ಕೈಕಟ್ಟಿ ನಿಲ್ಲಬೇಕು. ಕಂಪ್ಯೂಟರಿನಲ್ಲೂ ಹೀಗೇ ಬೀಗ ಹಾಕಿಕೊಂಡು ಕಾಯಬೇಕಾಗುತ್ತದೆ. ಆದುದರಿಂದ ಅನೇಕ ಕಡೆ ಇದನ್ನು ಬಿಟ್ಟು, ಒಂದೊಂದು ಹೆಜ್ಜೆಗೂ ಬೇರೆ ಗಂಟು ಕಟ್ಟಿ, ಕೊನೆಗೆ ಕೆಟ್ಟರೆ ಎದುರು ನಮೂದು ಹಾಕಿ ಹಣ ಮರಳಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ನಿಮ್ಮ ಖಾತೆಯಿಂದ ಹೋದ ಹಣ ಅತ್ತಲೂ ಸೇರದೆ ಒಂದೆರಡು ದಿನ ನಡುವೆ ನಿಲ್ಲುವುದುಂಟಲ್ಲ, ಅದು ಇಂಥ ಎದುರು ನಮೂದಿಗೆ ಕಾಯುತ್ತಿರುವ ಹಣ.

ಆ ಕಾಯುವಿಕೆಗೆ ಮಿತಿ ಉಂಟು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ಹಾಕಿತು. ಯುಪಿಐ ಮೂಲಕ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಸೇರದಿದ್ದರೆ ಮರುದಿನದೊಳಗೆ ಮರಳಬೇಕು. ಅಂಗಡಿಗೆ ಕೊಟ್ಟದ್ದಕ್ಕೂ, ಎಟಿಎಂ ನೋಟು ಕೊಡದೆ ಖಾತೆಯಲ್ಲಿ ಮುರಿದದ್ದಕ್ಕೂ 5 ದಿನ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ದೂರು ಕೊಡುವುದಕ್ಕೆ ಕಾಯದೆ ಬ್ಯಾಂಕು ತಾನಾಗಿಯೇ ಹಾಕಬೇಕು. ಹಾಕದಿದ್ದರೆ ಬ್ಯಾಂಕಿಗೆ ಬರೆದು ದೂರು ಕೊಡಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅರ್ಜಿ ಬರೆಯಲು ಬಾರದವರು ಸಂಘದ ಕಚೇರಿಗೆ ಬರಲಿ.

ಕಡೆಗೆ ಹುಡುಗರಿಗೆ ಕೆಲಸದ ಮಾತು. ಗಂಟು ಕಟ್ಟಿಕೊಂಡು ಹೊರಗಿನವರ ಉತ್ತರಕ್ಕೆ ಕಾಯಬೇಡಿರಿ; ನೀವು ಬೀಗ ಹಿಡಿದಷ್ಟು ಹೊತ್ತು ಅದೇ ಪುಟಕ್ಕೆ ಬಂದ ಮಿಕ್ಕವರು ಸಾಲಿನಲ್ಲಿ ನಿಲ್ಲುತ್ತಾರೆ. ಮುದ್ರೆ ಬೀಳುವ ಮುನ್ನ “ಪಗಾರ ಜಮಾ ಆಗಿದೆ” ಎಂಬ ಎಸ್‌ಎಂಎಸ್ ಕಳಿಸಬೇಡಿರಿ. ಲೆಕ್ಕವನ್ನು ಅಳಿಸಬಹುದು, ಹೋದ ಎಸ್‌ಎಂಎಸನ್ನು ಕರೆಯಲಾಗದು. ಬರುವ ಶನಿವಾರ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಎಲ್ಲರೂ ತಮ್ಮ ಪಗಾರದ ಕಾರ್ಯಕ್ರಮ ತರತಕ್ಕದ್ದು. ಪಗಾರದ ಪುಟಕ್ಕೆ 3,000 ಬರೆದೊಡನೆ ಕಾರ್ಯಕ್ರಮವನ್ನು ಬೇಕೆಂದೇ ಮುಗ್ಗರಿಸುವಂತೆ ಮಾಡಿ, ಮತ್ತೆ ತೆರೆದು ಎರಡು ಪುಟಗಳನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಎರಡನೆಯ ಸಲ ಮಿಷನ್ನಿನ ಪ್ಲಗ್ಗನ್ನೇ ಕೀಳುತ್ತೇವೆ.