ಬೆಳ್ಳಿಗಿಳಿದ ರಾಜವಂಶಾವಳಿ

1953ರ ಜೂನ್ 2ರಂದು ಎರಡನೇ ಎಲಿಜಬೆತ್ ಪಟ್ಟಾಭಿಷೇಕಕ್ಕೆಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಬಂದಾಗ, ಹೊರಗೆ ಹತ್ತು ಪ್ರಾಣಿಗಳು ಸಾಲಾಗಿ ಕಾವಲು ನಿಂತಿದ್ದವು. ಶಿಲ್ಪಿ ಜೇಮ್ಸ್ ವುಡ್‌ಫರ್ಡ್ ಪ್ಲಾಸ್ಟರ್‌ನಲ್ಲಿ ರೂಪಿಸಿದ ಆಳೆತ್ತರದ ಪ್ರತಿಮೆಗಳವು. ಒಂದೊಂದರ ಮುಂದೆಯೂ ಒಂದೊಂದು ಗುರಾಣಿ. ಆ ಪ್ರಾಣಿಗಳು ಆರು ದಶಕಗಳ ಬಳಿಕ ಬೆಳ್ಳಿ ನಾಣ್ಯಗಳಾದ ಕಥೆಯೇ ಇಂದಿನ ಉಪನ್ಯಾಸದ ವಸ್ತು.

ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್, 'ಕ್ವೀನ್ಸ್ ಬೀಸ್ಟ್ಸ್' ಮಾಲೆಯನ್ನು 2016ರ ಸಿಂಹದ ನಾಣ್ಯದಿಂದ ಆರಂಭಿಸಿತು. ತೂಕ 2 ಟ್ರಾಯ್ ಔನ್ಸ್, ಅಂದರೆ ಸುಮಾರು 62 ಗ್ರಾಂ. ಬೆಳ್ಳಿಯ ಶುದ್ಧತೆ ಸಾವಿರಕ್ಕೆ 999.9; ಮುಖಬೆಲೆ 5 ಪೌಂಡ್. ಪ್ರಾಣಿಗಳನ್ನು ಚಿತ್ರಿಸಿದವರು ಜೋಡಿ ಕ್ಲಾರ್ಕ್. ಇನ್ನೊಂದು ಬದಿಯಲ್ಲಿರುವ, 2015ರಲ್ಲಿ ಬಳಕೆಗೆ ಬಂದ ರಾಣಿಯ ಮುಖಚಿತ್ರವೂ ಅವರದೇ. ನಾಣ್ಯದ ಎರಡೂ ಬದಿಗಳಲ್ಲಿ ಒಬ್ಬರೇ ಕಲಾವಿದರ ಕೈಚಳಕ ಕಾಣುತ್ತದೆ.

ಈ ಪ್ರಾಣಿಗಳು ಬರಿಯ ಅಲಂಕಾರವಲ್ಲ. ಸಿಂಹಾಸನ ಯಾವ ಯಾವ ಮನೆತನಗಳನ್ನು ಹಾದು ಬಂತೆಂಬ ದಾಖಲೆ ಅವುಗಳಲ್ಲಿದೆ. ಕೆಂಪು ಡ್ರ್ಯಾಗನ್ ಟ್ಯೂಡರ್ ಅರಸರ ವೇಲ್ಸ್ ಮೂಲವನ್ನು ಹೇಳುತ್ತದೆ. ಬಿಳಿ ಕುದುರೆ 1714ರಲ್ಲಿ ಜರ್ಮನಿಯಿಂದ ಬಂದು ಪಟ್ಟವೇರಿದ ಒಂದನೇ ಜಾರ್ಜ್‌ನ ಹ್ಯಾನೋವರ್ ಮನೆತನದ್ದು. ಕೊರಳಿಗೆ ಸರಪಳಿ ತೊಟ್ಟ ಒಂಟಿಕೊಂಬಿನ ಯೂನಿಕಾರ್ನ್ ಸ್ಕಾಟ್ಲೆಂಡಿನದು.

ಎಲ್ಲಕ್ಕಿಂತ ವಿಚಿತ್ರವಾದದ್ದು ಯೇಲ್. ಕೊಂಬುಗಳನ್ನು ಬೇಕಾದ ದಿಕ್ಕಿಗೆ ತಿರುಗಿಸಿಕೊಳ್ಳಬಲ್ಲ ಪ್ರಾಣಿಯೆಂದು ಐತಿಹ್ಯ. ಏಳನೇ ಹೆನ್ರಿಯ ತಾಯಿ ಮಾರ್ಗರೆಟ್ ಬ್ಯೂಫೋರ್ಟ್ ಮೂಲಕ ಅದು ಈ ಸಾಲಿಗೆ ಸೇರಿತು. ಆಕೆ ಪೋಷಿಸಿದ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನ ಹೆಬ್ಬಾಗಿಲ ಮೇಲೆ ಯೇಲ್‌ಗಳು ಇಂದಿಗೂ ಇವೆ. ನಾಣ್ಯ ಕೈಗೆತ್ತಿಕೊಂಡವರು ಇಷ್ಟನ್ನು ತಿಳಿದರೆ, ಇಂಗ್ಲೆಂಡಿನ ರಾಜಮನೆತನಗಳ ಇತಿಹಾಸವೇ ಕಣ್ಮುಂದೆ ಬರುತ್ತದೆ.

ಸಂಗ್ರಾಹಕರು ಈ ನಾಣ್ಯಗಳನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಶುದ್ಧ ಬೆಳ್ಳಿಯ ಮೇಲೆ ಕಾಲಕ್ರಮದಲ್ಲಿ ಹಾಲಿನಂಥ ಬಿಳಿ ಚುಕ್ಕೆಗಳೇಳುವುದುಂಟು. ಉಜ್ಜಿ ತೆಗೆಯಲು ಹೋದರೆ ಮೇಲ್ಮೈ ಗೀಚಿ, ನಾಣ್ಯದ ಮೌಲ್ಯವೇ ತಗ್ಗುತ್ತದೆ.

ಹತ್ತೂ ಪ್ರಾಣಿಗಳನ್ನು ಒಟ್ಟಿಗೆ ತೋರಿಸುವ ನಾಣ್ಯದೊಂದಿಗೆ 2021ರಲ್ಲಿ ಮಾಲೆ ಮುಗಿಯಿತು. ವುಡ್‌ಫರ್ಡ್‌ನ ಮೂಲ ಪ್ರತಿಮೆಗಳು ಕೆನಡಾದ ಇತಿಹಾಸ ವಸ್ತುಸಂಗ್ರಹಾಲಯ ಸೇರಿವೆ. ಅವುಗಳ ಕಲ್ಲಿನ ಪ್ರತಿಗಳನ್ನು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ನೋಡಬಹುದು. ಆತನಿಗೆ ಸ್ಫೂರ್ತಿಯಾದ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಸೇತುವೆಯ ಪ್ರಾಣಿಗಳೇ 2022ರಲ್ಲಿ ಆರಂಭವಾದ 'ಟ್ಯೂಡರ್ ಬೀಸ್ಟ್ಸ್' ಮಾಲೆಗೂ ಆಧಾರ. ಅದರ ಚಿತ್ರಕಾರ ಡೇವಿಡ್ ಲಾರೆನ್ಸ್. ಸಿಂಹ ಮತ್ತು ಯೇಲ್ ಅಲ್ಲಿಯೂ ಇರುವುದರಿಂದ, ಇಬ್ಬರು ಕಲಾವಿದರು ಒಂದೇ ಲಾಂಛನವನ್ನು ಹೇಗೆ ಕಂಡರೆಂದು ಸಂಗ್ರಾಹಕರು ಹೋಲಿಸಿ ನೋಡಬಹುದು.